ಇರುಳುಗುರುಡು ವಂಶದಲ್ಲೇ ಇದ್ದರೆ: ಯಾವ ಕಣ್ಣಿನ ಸ್ಕ್ಯಾನ್ ಯಾರಿಗೆ?

ರೆಟಿನಾ (ಕಣ್ಣಿನೊಳಗೆ ಹಿಂಭಾಗದಲ್ಲಿರುವ ಪರದೆ) ನೋಡುವ ಡಾಕ್ಟರನ್ನು ಕಂಡು ಹೊರಬಂದವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಫಂಡಸ್ ಫೋಟೋ (ರೆಟಿನಾದ ಫೋಟೋ), ಓಸಿಟಿ (ಅದರ ಪದರಗಳ ಸ್ಕ್ಯಾನ್), ಎಫ್‌ಎಎಫ್ (ರೆಟಿನಾ ತಾನಾಗಿ ಹೊಳೆಯುವುದರ ಚಿತ್ರ), ಇಆರ್‌ಜಿ (ರೆಟಿನಾದ ವಿದ್ಯುತ್ ಅಳತೆ), ಫೀಲ್ಡ್ (ನೋಟದ ಅಗಲದ ಪರೀಕ್ಷೆ), ಜೀನ್ ಟೆಸ್ಟ್. ಆಮೇಲೆ ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತು ಮನೆಯವರು ಕೇಳುವುದು ಒಂದೇ ಮಾತು: ಇಷ್ಟೂ ಬೇಕಾ? ಒಂದೆರಡು ಮಾಡಿಸಿದರೆ ಸಾಲದಾ? ನಾನು ಆಪ್ಟೋಮೆಟ್ರಿಸ್ಟ್. ಈ ಯಂತ್ರಗಳ ಮುಂದೆ ಜನರನ್ನು ಕೂರಿಸುವುದೇ ನನ್ನ ದಿನದ ಕೆಲಸ. ಆ ಪ್ರಶ್ನೆಗೆ ಕೌಂಟರಿನಲ್ಲಿ ನಿಂತು ಎರಡು ಮಾತಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ರೆಟಿನಾ ನೋಡೋಕೆ ಹೇಗಿದೆ ಅನ್ನುವುದನ್ನು ಚಿತ್ರ ತೋರಿಸುತ್ತದೆ. ಅದು ಕೆಲಸ ಮಾಡುತ್ತಿದೆಯಾ ಅನ್ನುವುದನ್ನು ತೋರಿಸುವುದಿಲ್ಲ. ಹುಟ್ಟಿನಿಂದಲೇ ಇರುಳಲ್ಲಿ ಕಾಣದ ಕೆಲವರ ರೆಟಿನಾ ಚಿತ್ರದಲ್ಲಿ ಅಚ್ಚುಕಟ್ಟಾಗಿಯೇ ಇರುತ್ತದೆ. ಇದು ಗೊತ್ತಿಲ್ಲದೆ "ರಿಪೋರ್ಟ್ ನಾರ್ಮಲ್" ಅಂತ ಫೈಲ್ ಮುಚ್ಚಿಟ್ಟು, ವರ್ಷಗಟ್ಟಲೆ ಮಗುವನ್ನೇ ಬೈದ ಮನೆಗಳಿವೆ. ಅದು ನನಗೆ ತುಂಬ ಸಂಕಟ ಕೊಡುವ ಸಂಗತಿ.

ಸ್ಕ್ಯಾನಿಗೆ ದುಡ್ಡು ಕಟ್ಟುವ ಮುಂಚೆ

ಇರುಳುಗುರುಡು ಅಂದ ತಕ್ಷಣ ವಂಶದ ಕಾಯಿಲೆ ಅಂತ ಹೆದರಬೇಕಿಲ್ಲ. ಎ ವಿಟಮಿನ್ ಕೊರತೆಯಿಂದಲೂ ಹೀಗಾಗುತ್ತದೆ. ಅದಕ್ಕೇ ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ವಿಟಮಿನ್ ಸಿರಪ್ ಕುಡಿಸುತ್ತಾರೆ. ಕೊರತೆಯಿದ್ದರೆ ಕಣ್ಣಿನ ಬಿಳಿ ಭಾಗ ಒಣಗಿ, ನೊರೆಯಂಥ ಬೂದು ಮಚ್ಚೆ ಕೂತಿರಬಹುದು. ದೊಡ್ಡವರಲ್ಲಿ ಲಿವರ್ ಕಾಯಿಲೆ ಅಥವಾ ಹೊಟ್ಟೆ, ಕರುಳಿನ ಆಪರೇಷನ್ ಆಗಿದ್ದರೆ ಅದನ್ನೂ ಹೇಳಬೇಕು. ಕನ್ನಡಕದ ಪವರ್ ಸರಿಯಿಲ್ಲದ ಮೈನಸ್ ಕಣ್ಣಿನವರಿಗೂ, ಪೊರೆ ಶುರುವಾದವರಿಗೂ ರಾತ್ರಿ ತೊಂದರೆಯೇ. ಇವೆಲ್ಲ ಕಡಿಮೆ ಖರ್ಚಿನಲ್ಲಿ ಗೊತ್ತಾಗುವಂಥವು.

ಇನ್ನು ಮೂರು ಪ್ರಶ್ನೆಗೆ ಮನೆಯಲ್ಲೇ ಉತ್ತರ ಸಿದ್ಧ ಮಾಡಿಕೊಂಡು ಹೋಗಿ. ತೊಂದರೆ ಹುಟ್ಟಿನಿಂದ ಇದೆಯಾ, ನಡುವೆ ಶುರುವಾಯಿತಾ? ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದೆಯಾ? ಬಂಧುಗಳಲ್ಲಿ ಬೇರೆ ಯಾರಿಗಿದೆ? ಮೂರನೆಯದಕ್ಕೆ ಅಜ್ಜಿಯನ್ನು ಕೇಳುವುದು ಒಳ್ಳೆಯದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ನಮ್ಮ ಕಡೆ ಇವತ್ತಿಗೂ ಇದೆ. ಅಂಥ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ಜೀನ್ ದೋಷ ಅಡಗಿರುವ ಸಾಧ್ಯತೆ ಹೆಚ್ಚು. ಹಾಗೆ ಇಬ್ಬರಲ್ಲೂ ಅಡಗಿದ್ದರೆ ಇಬ್ಬರ ಕಣ್ಣೂ ಚೆನ್ನಾಗಿರುತ್ತದೆ, ಆದರೂ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇದು ಯಾರ ತಪ್ಪೂ ಅಲ್ಲ. ಆದರೆ ಡಾಕ್ಟರಿಗೆ ಗೊತ್ತಿರಲೇಬೇಕು.

ಯಾವ ಅಳತೆಗೋಲು ಹಿಡಿದು ನೋಡುವುದು?

ಎಲ್ಲಕ್ಕಿಂತ ದೊಡ್ಡದು, ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದು. ಕಾಯಿಲೆ ಇದೆಯೋ ಇಲ್ಲವೋ ತಿಳಿಯಬೇಕಾ? ಇದೆ ಅಂತ ಗೊತ್ತು, ಯಾವ ಬಗೆ ಅಂತ ಬೇಕಾ? ಎಷ್ಟು ಉಳಿದಿದೆ, ಎಷ್ಟು ಬೇಗ ಹೋಗುತ್ತಿದೆ ಅಂತಲಾ? ಅಥವಾ ತಂಗಿಗೆ, ಮಗಳಿಗೆ ಇದೆಯಾ ಅಂತಲಾ? ಒಂದೊಂದು ಪ್ರಶ್ನೆಗೆ ಒಂದೊಂದು ಯಂತ್ರ.

ಎರಡನೆಯದು, ರೆಟಿನಾದ ಯಾವ ಭಾಗ ಸಿಗುತ್ತದೆ ಅನ್ನುವುದು. ಇರುಳಲ್ಲಿ ನೋಡಲು ಸಹಾಯ ಮಾಡುವ ರಾಡ್ ಕೋಶಗಳು ನಟ್ಟನಡುವೆ ಇಲ್ಲ, ಸುತ್ತಲಿನ ಪಟ್ಟಿಯಲ್ಲಿವೆ. ಓದುವುದು, ಮುಖ ಗುರುತಿಸುವುದು ನಡುಭಾಗದ ಕೋನ್ ಕೋಶಗಳ ಕೆಲಸ. ಆದ್ದರಿಂದಲೇ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಎಲ್ಲರೂ ಆರ್‌ಪಿ ಅನ್ನುವ, ರಾಡ್ ಕೋಶಗಳು ಮೊದಲು ಸಾಯುವ ವಂಶದ ಕಾಯಿಲೆಯಲ್ಲಿ, ಬೋರ್ಡಿನ ಅಕ್ಷರ 6/6, ಅಂದರೆ ಸರಿಯಾಗಿ, ಓದುವವರೂ ಕತ್ತಲಲ್ಲಿ ಎಡವುತ್ತಾರೆ.

ಇನ್ನುಳಿದದ್ದು ರೋಗಿಯ ವಯಸ್ಸು, ಎಷ್ಟು ಹೊತ್ತು ಅಲುಗಾಡದೆ ಕೂರಬಲ್ಲರು, ಊರಿನಿಂದ ಎಷ್ಟು ದೂರ, ಎಷ್ಟು ಖರ್ಚು. ದರ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ. ಅಂದಾಜಿಗೆ ಹೇಳುವುದಾದರೆ ಫಂಡಸ್ ಫೋಟೋ ಕೆಲವು ನೂರು ರೂಪಾಯಿ, ಓಸಿಟಿ ಸಾವಿರದ ಆಸುಪಾಸಿನಿಂದ ಮೇಲಕ್ಕೆ, ಇಆರ್‌ಜಿ ಕೆಲವು ಸಾವಿರ, ಜೀನ್ ಟೆಸ್ಟ್ ಹತ್ತಾರು ಸಾವಿರ. ಸರ್ಕಾರಿ ಆಸ್ಪತ್ರೆಯಲ್ಲಿ ಕಡಿಮೆ.

ಫಂಡಸ್ ಫೋಟೋ: ಶುರು ಇಲ್ಲಿಂದ, ಆದರೆ ಅಗಲ ನೋಡಿಕೊಳ್ಳಿ

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬದುಕಿರುವ ಮನುಷ್ಯರ ಕಣ್ಣಿನೊಳಗೆ ನೋಡುವ ಉಪಕರಣವನ್ನು ಲೋಕಕ್ಕೆ ಕೊಟ್ಟ. ಆರ್‌ಪಿಯ ಗುರುತುಗಳು ವೈದ್ಯರಿಗೆ ಕಂಡದ್ದು ಅದಾದ ಮೇಲೆಯೇ. ಗುರುತು ಮೂರು: ನಡುಭಾಗಕ್ಕೂ ಅಂಚಿಗೂ ಮಧ್ಯದ ಪಟ್ಟಿಯಲ್ಲಿ ಕವಲೊಡೆದ ಕಪ್ಪು ಚುಕ್ಕೆಗಳು, ಸಣ್ಣಗಾದ ರಕ್ತನಾಳಗಳು, ಮೇಣದ ಬಣ್ಣಕ್ಕೆ ಬಿಳಿಚಿದ ನರದ ತುದಿ. ಕಾಯಿಲೆ ಬಲಿತಿದ್ದರೆ ಒಂದು ಒಳ್ಳೆಯ ಫೋಟೋ ಸಾಕು, ರೆಟಿನಾ ಡಾಕ್ಟರಿಗೆ ಹೆಚ್ಚಿನ ಅನುಮಾನ ಉಳಿಯುವುದಿಲ್ಲ.

ತೊಂದರೆ ಬರುವುದು ಆರಂಭದ ಹಂತದಲ್ಲಿ. ಮಾಮೂಲಿ ಕ್ಯಾಮೆರಾ ಒಂದು ಸಲಕ್ಕೆ 45 ಡಿಗ್ರಿಯಷ್ಟು ಮಾತ್ರ ಹಿಡಿಯುತ್ತದೆ. ಅದೂ ನಡುಭಾಗ. ಆರ್‌ಪಿ ಶುರುವಾಗುವುದು ಅದರ ಆಚೆ. ನಡುಮನೆಯ ಫೋಟೋ ನೋಡಿ ಹಿತ್ತಲು ಸರಿಯಾಗಿದೆ ಅಂದರೆ ಹೇಗೆ ನಂಬುವುದು, ಅಲ್ವಾ? ಅಗಲ ಕೋನದ ಕ್ಯಾಮೆರಾ ಒಂದೇ ಸಲಕ್ಕೆ 200 ಡಿಗ್ರಿ ಹಿಡಿಯುತ್ತದೆ. ಈ ಬಗೆಯಲ್ಲಿ ಹೆಸರಾದದ್ದು ಸ್ಕಾಟ್ಲೆಂಡಿನ ಆಪ್ಟೋಸ್ ಕಂಪನಿ. ಅದನ್ನು ಕಟ್ಟಿದ ಡಗ್ಲಸ್ ಆಂಡರ್ಸನ್ ಅವರ ಮಗನಿಗೆ ರೆಟಿನಾ ಕಳಚಿದ್ದು ತಡವಾಗಿ ಗೊತ್ತಾಗಿ ಒಂದು ಕಣ್ಣು ಹೋಗಿತ್ತು. ಮಕ್ಕಳಿಗೂ ಕಷ್ಟವಾಗದಂತೆ ಅಂಚಿನವರೆಗೂ ನೋಡಬೇಕು ಅನ್ನುವ ಹಟದಿಂದ ಹುಟ್ಟಿದ ಯಂತ್ರ ಅದು.

ಅಗಲ ಕ್ಯಾಮೆರಾ ಎಲ್ಲ ಊರಲ್ಲಿ ಸಿಗುವುದಿಲ್ಲ. ಇಲ್ಲದ ಕಡೆ ಒಂದು ಮಾತು ಕೇಳಿ: "ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೋಡಿಸಿ ನಾಲ್ಕು ಕಡೆಯ ಫೋಟೋನೂ ತೆಗೀತೀರಾ?" ಹೆಚ್ಚು ಖರ್ಚಿಲ್ಲದೆ ಅರ್ಧ ಕೊರತೆ ತುಂಬುತ್ತದೆ. ಶಿಬಿರಗಳಿಗೆ ಬರುವ ಸಣ್ಣ ಕ್ಯಾಮೆರಾಗಳಿಗೂ ಇದೇ ಮಾತು. ಬೆಂಗಳೂರಿನ ಫೋರಸ್ ಹೆಲ್ತ್‌ನ ತ್ರಿನೇತ್ರ, ರೆಮಿಡಿಯೋದ ಫೋನ್ ಕ್ಯಾಮೆರಾ ಇವೆಲ್ಲ ಹಳ್ಳಿಯ ಜನರಿಗೆ ದೊಡ್ಡ ಉಪಕಾರ ಮಾಡಿವೆ. ಆದರೆ ಅವುಗಳ ಮುಖ್ಯ ಬಳಕೆ ಸಕ್ಕರೆ ಕಾಯಿಲೆಯ ರೆಟಿನಾ ತಪಾಸಣೆಗೆ. ಶಿಬಿರದಲ್ಲಿ "ಪರದೆ ಚೆನ್ನಾಗಿದೆ" ಅಂದರು ಅಂತ ಇರುಳುಗುರುಡಿನ ವಿಚಾರಣೆ ನಿಲ್ಲಿಸಬೇಡಿ.

ಅಪರೂಪದ ಕೆಲವು ಬಗೆಗಳಲ್ಲಿ ಮಾತ್ರ ಈ ಅಗ್ಗದ ಫೋಟೋನೇ ಎಲ್ಲರನ್ನೂ ಮೀರಿಸುತ್ತದೆ. ರೆಟಿನಾ ತುಂಬ ಸಣ್ಣ ಬಿಳಿ ಚುಕ್ಕೆ ಚೆಲ್ಲಿದ್ದರೆ ಫಂಡಸ್ ಆಲ್ಬಿಪಂಕ್ಟೇಟಸ್ ಇರಬಹುದು. ಇದು ಸಾಮಾನ್ಯವಾಗಿ ಆರ್‌ಪಿಯಷ್ಟು ಹಾಳು ಮಾಡುವುದಿಲ್ಲ. ಒಗುಚಿ ಕಾಯಿಲೆಯಲ್ಲಿ ರೆಟಿನಾಕ್ಕೆ ಚಿನ್ನದಂಥ ಹೊಳಪು ಇರುತ್ತದೆ. ಜಪಾನಿನ ಚೂಟಾ ಒಗುಚಿ 1907ರಲ್ಲಿ ಇದನ್ನು ವಿವರಿಸಿದ್ದರು. ಕಣ್ಣು ಕಟ್ಟಿ ಎರಡು ಮೂರು ಗಂಟೆ ಕತ್ತಲಲ್ಲಿ ಕೂರಿಸಿ ಮತ್ತೆ ಫೋಟೋ ತೆಗೆದರೆ ಆ ಹೊಳಪು ಮಾಯ! ಬೆಳಕಿಗೆ ಬಂದ ಮೇಲೆ ಮತ್ತೆ ಹಾಜರ್. ಎರಡು ಫೋಟೋ, ಒಂದು ಬಟ್ಟೆಯ ಪಟ್ಟಿ, ತಾಳ್ಮೆ. ಇಷ್ಟರಲ್ಲೇ ಕಾಯಿಲೆಯ ಗುರುತು ಸಿಕ್ಕಿಬಿಡುತ್ತದೆ.

ಗೈರೇಟ್ ಅಟ್ರೋಫಿ ಅನ್ನುವ ಇನ್ನೊಂದಿದೆ. ಅಂಚಿನಲ್ಲಿ ಅರ್ಧಚಂದ್ರಗಳನ್ನು ಜೋಡಿಸಿದಂಥ ಬಿಳಿ ತೇಪೆಗಳು ಕಾಣುತ್ತವೆ. ಇದರ ಅನುಮಾನ ಬಂದರೆ ರಕ್ತದಲ್ಲಿ ಆರ್ನಿಥಿನ್ ಎಂಬ ಅಮೈನೋ ಆಮ್ಲ ಎಷ್ಟಿದೆ ಅಂತ ನೋಡಿಸಲೇಬೇಕು. ಪ್ರೋಟೀನ್ ಕಡಿಮೆ ಮಾಡಿದ ಆಹಾರಕ್ರಮದಿಂದ, ಕೆಲವರಿಗೆ ಬಿ6 ವಿಟಮಿನ್‌ನಿಂದ, ಕಾಯಿಲೆಯ ಓಟ ನಿಧಾನ ಮಾಡಬಹುದಾದ ಬಗೆ ಇದು. ಆರ್‌ಪಿ ಅಂತ ಬರೆದು ಬಿಟ್ಟುಬಿಟ್ಟರೆ ಆ ಅವಕಾಶ ಕೈತಪ್ಪುತ್ತದೆ.

ಓಸಿಟಿ: ಎಷ್ಟು ಉಳಿದಿದೆ ಅಂತ ತಿಳಿಯಲು

1991ರಿಂದ ಈಚೆಗೆ ಬಂದದ್ದು. ಬೆಳಕನ್ನೇ ಬಳಸಿ ರೆಟಿನಾದ ಪದರಗಳನ್ನು ಸೀಳಿ ತೋರಿಸುತ್ತದೆ. ನೋವಿಲ್ಲ, ಕಣ್ಣಿಗೆ ಏನೂ ತಾಗುವುದಿಲ್ಲ, ಒಂದು ಕಣ್ಣಿಗೆ ಕೆಲವೇ ಸೆಕೆಂಡು. ಎಷ್ಟೋ ಸಲ ಡ್ರಾಪ್ಸ್ ಕೂಡ ಬೇಡ.

ಕಂಪ್ಯೂಟರ್ ಪರದೆಯ ಮೇಲೆ ಬೂದು ಬಣ್ಣದ ಪಟ್ಟೆಗಳು ಅಡ್ಡಡ್ಡ ಓಡುತ್ತವೆ. ಕೆಳಗಿನ ಕಡೆ ಒಂದು ತೆಳು ಬಿಳಿ ಗೆರೆ ಇರುತ್ತದೆ. ಬೆಳಕನ್ನು ಹಿಡಿಯುವ ಕೋಶಗಳು ಗಟ್ಟಿಯಾಗಿವೆ ಅನ್ನುವುದಕ್ಕೆ ಆ ಗೆರೆಯೇ ಸಾಕ್ಷಿ. ಆರ್‌ಪಿ ಇರುವವರಲ್ಲಿ ಅದು ನಡುವೆ ಚೆನ್ನಾಗಿರುತ್ತದೆ, ಎರಡೂ ಬದಿಗೆ ಹೋಗುತ್ತಾ ಮಸುಕಾಗುತ್ತದೆ, ಒಂದು ಕಡೆ ಕಡಿದುಹೋಗುತ್ತದೆ. ಕಡಿದ ಜಾಗದಿಂದ ಜಾಗಕ್ಕೆ ಅಳೆದರೆ ಉಳಿದ ದೃಷ್ಟಿಯ ಅಗಲ ಸಿಗುತ್ತದೆ. ಮುಂದಿನ ವರ್ಷ ಅದೇ ಗೆರೆಯನ್ನು ಅದೇ ಯಂತ್ರದಲ್ಲಿ ಅಳೆದರೆ ಕಾಯಿಲೆಯ ವೇಗ ಗೊತ್ತಾಗುತ್ತದೆ.

ಓಸಿಟಿ ಬಿಡಬೇಡಿ ಅನ್ನಲು ನನಗೆ ಇನ್ನೂ ದೊಡ್ಡ ಕಾರಣವಿದೆ. ಆರ್‌ಪಿ ಇರುವ ಹಲವರಿಗೆ ರೆಟಿನಾದ ನಟ್ಟನಡುವೆ ನೀರು ತುಂಬಿ ಊದಿಕೊಳ್ಳುತ್ತದೆ. ಓದುವ ಅಕ್ಷರ ಮಸುಕಾದಾಗ "ಕಾಯಿಲೆ ಮುಂದುವರಿದಿದೆ, ಏನು ಮಾಡೋದು" ಅಂತ ಸುಮ್ನೆ ಕೂತುಬಿಡುತ್ತಾರೆ. ಈ ಊತಕ್ಕೆ ಹನಿ ಔಷಧ, ಮಾತ್ರೆ ಇವೆ. ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ ಕೆಲಸ ಮಾಡುತ್ತವೆ. ಫೋಟೋದಲ್ಲಿ ತಪ್ಪಿಹೋಗಬಹುದಾದ ಈ ಊತವನ್ನು ಓಸಿಟಿ ಸ್ಪಷ್ಟವಾಗಿ ತೋರಿಸುತ್ತದೆ. ಚಿಕಿತ್ಸೆ ಇರುವ ತೊಂದರೆಯನ್ನು ಹುಡುಕಿಕೊಡುವ ಸ್ಕ್ಯಾನ್ ಇದು.

ಕೊರತೆ ಏನೆಂದರೆ ಇದೂ ನಡುಭಾಗವನ್ನೇ ನೋಡುತ್ತದೆ. ಆರಂಭದ ಆರ್‌ಪಿಯಲ್ಲಿ ನಡುಭಾಗ ಸರಿಯಾಗಿಯೇ ಇರುವುದರಿಂದ ಓಸಿಟಿ ನಾರ್ಮಲ್ ಬಂದೀತು. ಸಾಧ್ಯವಿದ್ದರೆ ಉದ್ದನೆಯ ಸ್ಕ್ಯಾನ್ ಕೇಳಿ.

ಎಫ್‌ಎಎಫ್: ಯಾರೂ ಹೆಸರು ಕೇಳದ, ಆದರೆ ಬಹಳ ಹೇಳುವ ಚಿತ್ರ

ಪೂರ್ತಿ ಹೆಸರು ಫಂಡಸ್ ಆಟೋಫ್ಲೋರೆಸೆನ್ಸ್. ಸೂಜಿ ಇಲ್ಲ, ಬಣ್ಣದ ಔಷಧ ಇಲ್ಲ. ನೀಲಿ ಬೆಳಕು ಬಿಟ್ಟಾಗ ರೆಟಿನಾದ ತಳದ ಕೋಶಗಳಲ್ಲಿರುವ ಲಿಪೊಫ್ಯೂಸಿನ್ ಎಂಬ ಪದಾರ್ಥ ತಾನಾಗಿ ಹೊಳೆಯುತ್ತದೆ. ಸತ್ತ ಜಾಗ ಕಪ್ಪು, ಕಷ್ಟದಲ್ಲಿರುವ ಜಾಗ ಹೆಚ್ಚು ಬಿಳಿ.

ಆರ್‌ಪಿಯ ಬಹಳಷ್ಟು ರೋಗಿಗಳಲ್ಲಿ ನಡುಭಾಗದ ಸುತ್ತ ಒಂದು ಬಿಳಿ ಉಂಗುರ ಕಾಣುತ್ತದೆ. ಉಂಗುರದ ಒಳಗಿನದು ಇನ್ನೂ ಕೆಲಸ ಮಾಡುತ್ತಿರುವ ರೆಟಿನಾ. ಓಸಿಟಿಯಲ್ಲಿ ಬಿಳಿ ಗೆರೆ ಕಡಿಯುವ ಜಾಗವೂ ಈ ಉಂಗುರದ ಒಳ ಅಂಚೂ ಹೆಚ್ಚುಕಡಿಮೆ ಒಂದೇ ಕಡೆ ಬರುತ್ತವೆ. ಎರಡು ಬೇರೆ ಯಂತ್ರಗಳು ಒಂದೇ ಮಾತು ಹೇಳಿದಾಗ ಡಾಕ್ಟರಿಗೂ ಧೈರ್ಯ. ಕಪ್ಪು ಚುಕ್ಕೆ ಇನ್ನೂ ಮೂಡದ ಆರ್‌ಪಿಯಲ್ಲಿ ಬಣ್ಣದ ಫೋಟೋ ಬಾಯಿ ಬಿಡದಿದ್ದಾಗಲೂ ಈ ಚಿತ್ರ ಸುಳಿವು ಕೊಡುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇದಕ್ಕೆ ಸಾಟಿ ಕಡಿಮೆ. ಕೊರೊಯ್ಡರೀಮಿಯಾ ಎಂಬ ಇನ್ನೊಂದು ವಂಶದ ಕಾಯಿಲೆ ಮತ್ತು ಎಕ್ಸ್ ಕ್ರೋಮೋಸೋಮಿನ ಆರ್‌ಪಿ ಸಾಮಾನ್ಯವಾಗಿ ಗಂಡುಮಕ್ಕಳನ್ನು ಬಾಧಿಸುತ್ತವೆ, ಜೀನ್ ಬರುವುದು ತಾಯಿಯಿಂದ. ತಾಯಿಗೆ ರಾತ್ರಿ ಚೆನ್ನಾಗಿಯೇ ಕಾಣುತ್ತಿರಬಹುದು. ಆದರೆ ಎಫ್‌ಎಎಫ್‌ನಲ್ಲಿ ಕೊರೊಯ್ಡರೀಮಿಯಾದ ವಾಹಕಿಗೆ (ದೋಷದ ಜೀನ್ ಹೊತ್ತ ಹೆಣ್ಣಿಗೆ) ಚಿಕ್ಕಚಿಕ್ಕ ಮಚ್ಚೆಗಳು, ಎಕ್ಸ್ ಆರ್‌ಪಿಯ ವಾಹಕಿಗೆ ನಡುವಿನಿಂದ ಹೊರಕ್ಕೆ ಹರಡಿದ ಗೆರೆಗಳು ಕಾಣಿಸಬಹುದು. ಮಗನಿಗೆ ಯಾವ ಬಗೆ ಅಂತ ತಿಳಿಯದಿದ್ದಾಗ ತಾಯಿಯನ್ನು ಐದು ನಿಮಿಷ ಕೂರಿಸಿದರೆ ಸಾಕು, ವಿಚಾರಣೆ ಸರಿದಾರಿಗೆ ಬೀಳುತ್ತದೆ. ಮಚ್ಚೆ ಕಾಣಲಿಲ್ಲ ಅಂದ ಮಾತ್ರಕ್ಕೆ ವಾಹಕಿ ಅಲ್ಲ ಅಂತ ಮಾತ್ರ ತಿಳಿಯಬೇಡಿ.

ಇನ್ನೊಂದು ಸುಳಿವು. ಮಗುವಿಗೆ ಚಿಕ್ಕಂದಿನಿಂದ ರಾತ್ರಿ ಕಾಣುವುದೇ ಇಲ್ಲ, ಓಸಿಟಿಯಲ್ಲಿ ಪದರಗಳು ಸಾಕಷ್ಟು ಉಳಿದಿವೆ, ಆದರೆ ಎಫ್‌ಎಎಫ್ ಬಹುತೇಕ ಕಪ್ಪು. ಈ ಜೋಡಿ ಕಂಡರೆ ಆರ್‌ಪಿಇ65 ಎಂಬ ಜೀನ್ ನೆನಪಾಗಬೇಕು. ಅದಕ್ಕೆ ಜೀನ್ ಚಿಕಿತ್ಸೆ ಇದೆ. ಅಮೆರಿಕದಲ್ಲಿ 2017ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಲಕ್ಸ್‌ಟರ್ನಾ. ಶುರುವಿನ ಬೆಲೆ ಎರಡೂ ಕಣ್ಣಿಗೆ ಎಂಟೂವರೆ ಲಕ್ಷ ಡಾಲರ್. ನಮ್ಮಂಥವರಿಗೆ ಎಟುಕದ ಮೊತ್ತ, ನಿಜ. ಆದರೂ ಮಗುವಿಗೆ ಯಾವ ಜೀನ್ ಅಂತ ಈಗಲೇ ತಿಳಿದಿದ್ದರೆ ನಾಳೆ ಬಾಗಿಲು ತೆರೆದಾಗ ಸಾಲಿನಲ್ಲಿ ನಿಲ್ಲಬಹುದು. ಆಗಲೂ ಸಾಕಷ್ಟು ಜೀವಂತ ಕೋಶ ಉಳಿದಿದೆಯಾ ಅಂತ ನೋಡಲು ಓಸಿಟಿಯನ್ನೇ ಕೇಳುತ್ತಾರೆ.

ಎಫ್‌ಎಎಫ್‌ನ ನೀಲಿ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಚಿಕ್ಕ ಮಕ್ಕಳು ತಲೆ ಹಿಂದಕ್ಕೆಳೆಯುತ್ತಾರೆ. ಯಂತ್ರವೂ ದೊಡ್ಡ ಊರುಗಳಲ್ಲೇ ಹೆಚ್ಚು.

ಕೈಗೆ ಚುಚ್ಚಿ ಬಣ್ಣ ಬಿಟ್ಟು ತೆಗೆಯುವ ಆಂಜಿಯೋಗ್ರಾಂ ಈ ಕಾಯಿಲೆಗೆ ಈಗ ಸಾಮಾನ್ಯವಾಗಿ ಬೇಕಿಲ್ಲ. ಯಾರಾದರೂ ಬರೆದರೆ ಯಾಕೆ ಅಂತ ಮರ್ಯಾದೆಯಿಂದ ಕೇಳಿ. ಬೇರೆ ಕಾರಣ ಇರಬಹುದು.

ಇಆರ್‌ಜಿ: ಚಿತ್ರ ಸುಮ್ಮನಿದ್ದಾಗ

ಇದು ಫೋಟೋ ಅಲ್ಲ. ಬೆಳಕಿಗೆ ರೆಟಿನಾ ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಲೆಗಳ ರೂಪದಲ್ಲಿ ಅಳೆಯುತ್ತದೆ. ಆದರೆ ಇದನ್ನು ಬಿಟ್ಟು ಹೋಲಿಕೆ ಮಾಡಿದರೆ ನಿಮಗೆ ಮೋಸ ಮಾಡಿದಂತೆ. 1945ರಲ್ಲೇ ಸ್ವೀಡನ್ನಿನ ಕಾರ್ಪೆ, ಆರ್‌ಪಿ ರೋಗಿಗಳಲ್ಲಿ ಈ ಅಲೆ ಆರಿಹೋಗಿರುತ್ತದೆ ಅಂತ ತೋರಿಸಿದ್ದರು.

ಹುಟ್ಟಿನಿಂದ ಇದ್ದು, ಜಾಸ್ತಿಯಾಗದೆ ಹಾಗೇ ಉಳಿಯುವ ಇರುಳುಗುರುಡು ಒಂದಿದೆ. ಸಿಎಸ್‌ಎನ್‌ಬಿ ಅನ್ನುತ್ತಾರೆ. ಫೋಟೋ ನಾರ್ಮಲ್, ಓಸಿಟಿ ಹೆಚ್ಚುಕಡಿಮೆ ನಾರ್ಮಲ್. ಜಾಸ್ತಿ ಮೈನಸ್ ಪವರ್, ಕೆಲವರಿಗೆ ಕಣ್ಣು ಅದುರುವುದು, ಇಷ್ಟೇ ಹೊರಗೆ ಕಾಣುವುದು. ಇಆರ್‌ಜಿಯಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ. ಸಾಮಾನ್ಯ ಬಗೆಯಲ್ಲಿ ಕೆಳಗಿಳಿಯುವ ಮೊದಲ ಅಲೆ ಸರಿಯಿರುತ್ತದೆ, ಮೇಲೇಳಬೇಕಾದ ಎರಡನೆಯದು ಏಳುವುದೇ ಇಲ್ಲ. ಬೆಳಕು ಹಿಡಿಯುವ ಕೋಶ ಚೆನ್ನಾಗಿದೆ, ಸುದ್ದಿಯನ್ನು ಮುಂದಕ್ಕೆ ದಾಟಿಸುವಲ್ಲಿ ತಡೆ ಅಂತ ಅರ್ಥ. ಆರ್‌ಪಿ ಅಲ್ಲ, ಕುರುಡಾಗುವುದಿಲ್ಲ ಅನ್ನುವ ಒಂದು ಮಾತು ಆ ಮನೆಗೆ ಎಷ್ಟು ದೊಡ್ಡದು ಯೋಚಿಸಿ!

ಕಷ್ಟಗಳೂ ಇವೆ. ಪರೀಕ್ಷೆಗೆ ಮೊದಲು 20 ನಿಮಿಷ ಪೂರ್ತಿ ಕತ್ತಲಲ್ಲಿ ಕೂರಬೇಕು. ಒಟ್ಟಾರೆ ಒಂದು ಗಂಟೆಯ ಮೇಲಾಗುತ್ತದೆ. ಚಿಕ್ಕ ಮಕ್ಕಳಿಗೆ ಕಣ್ಣಿನ ಕೆಳಗೆ ಚರ್ಮಕ್ಕೆ ಪಟ್ಟಿ ಅಂಟಿಸಿ, ಕೈಯಲ್ಲಿ ಹಿಡಿದು ಮಾಡುವ ಸಣ್ಣ ಯಂತ್ರವಿದೆ. ಅದು ಎಲ್ಲಿದೆ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಇನ್ನೊಂದು, ಫಂಡಸ್ ಫೋಟೋ ಅಥವಾ ಎಫ್‌ಎಎಫ್ ಮುಗಿದ ಕೂಡಲೇ ಇಆರ್‌ಜಿ ಮಾಡಿಸಬಾರದು. ಆ ಜೋರು ಬೆಳಕಿನಿಂದ ಫಲಿತಾಂಶ ಕೆಡುತ್ತದೆ. ಇಆರ್‌ಜಿ ಮೊದಲು, ಫೋಟೋ ಆಮೇಲೆ. ಹಾಗಾಗದಿದ್ದರೆ ಕನಿಷ್ಠ ಅರ್ಧ ಗಂಟೆ ಬಿಡುವು.

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿ ದುಡ್ಡು ಕಡಿಮೆ, ದೊಡ್ಡವರಿಗೆ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದೆ ಅಂದರೆ, ಡ್ರಾಪ್ಸ್ ಹಾಕಿಸಿ ರೆಟಿನಾ ಡಾಕ್ಟರಿಂದ ಅಂಚಿನವರೆಗೂ ಪರೀಕ್ಷೆ, ನಾಲ್ಕು ಕಡೆಯ ಫೋಟೋ, ಒಂದು ಓಸಿಟಿ. ಇಷ್ಟರಲ್ಲೇ ಹೆಚ್ಚಿನವರಿಗೆ ಉತ್ತರ ಸಿಗುತ್ತದೆ. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಂಥ ಕಡೆ ಶುರು ಮಾಡಬಹುದು. ಆರ್‌ಪಿ ಖಚಿತವಾದ ಮೇಲೆ ಉಳಿದ ದುಡ್ಡನ್ನು ಇಆರ್‌ಜಿಗಿಂತ ಫೀಲ್ಡ್ ಟೆಸ್ಟಿಗೆ ಇಟ್ಟುಕೊಳ್ಳಿ ಅನ್ನುತ್ತೇನೆ. ಯಾಕೆಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬರೀ ಅಕ್ಷರ ಓದುವುದನ್ನು ನೋಡುವುದಿಲ್ಲ, ನೋಟದ ಅಗಲವನ್ನೂ ನೋಡುತ್ತದೆ. ಅಗಲ 40 ಡಿಗ್ರಿಗಿಂತ ಕಡಿಮೆಯಾಗಿ 10ರವರೆಗೆ ಇದ್ದರೆ ಮಂದದೃಷ್ಟಿ, 10ಕ್ಕಿಂತ ಕಡಿಮೆಯಾದರೆ ಅಂಧತ್ವ. 6/6 ಓದುತ್ತೀರಿ ಅಂತ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ನಿರಾಕರಿಸಿದರೆ ಈ ಫೀಲ್ಡ್ ರಿಪೋರ್ಟ್ ಮುಂದಿಡಿ.

ಹುಟ್ಟಿನಿಂದ ತೊಂದರೆ, ಫೋಟೋ ನಾರ್ಮಲ್ ಅಂದರೆ ಇನ್ನೊಂದು ಫೋಟೋಗೆ ದುಡ್ಡು ಹಾಕಬೇಡಿ. ನೇರ ಇಆರ್‌ಜಿಗೆ ಹೋಗಿ, ಬಸ್ ಹತ್ತಬೇಕಾದರೂ ಸರಿ. ಬೆಂಗಳೂರಿನ ಸುತ್ತಲಿನವರಿಗೆ ನಾರಾಯಣ ನೇತ್ರಾಲಯ, ಕಲಬುರಗಿ, ರಾಯಚೂರು, ಬೀದರಿನವರಿಗೆ ಹೈದರಾಬಾದಿನ ಎಲ್ ವಿ ಪ್ರಸಾದ್ ಸಂಸ್ಥೆ ಹತ್ತಿರ.

ಮಗು ತುಂಬ ಚಿಕ್ಕದು, ಗಲ್ಲ ಇಟ್ಟು ಕೂರುವುದಿಲ್ಲ ಅಂದರೆ ಅಗಲ ಕೋನದ ಫೋಟೋಗೆ ಪ್ರಯತ್ನಿಸಿ, ಉಳಿದದ್ದಕ್ಕೆ ಕಾಯಿರಿ. ಆ ಹೊತ್ತಿಗೆ ಅಪ್ಪ ಅಮ್ಮ, ಅಣ್ಣ ಅಕ್ಕನ ಕಣ್ಣು ತೋರಿಸಿ. ಕಿವಿ ಸರಿಯಾಗಿ ಕೇಳಿಸುತ್ತದೆಯಾ, ಕೈಕಾಲಲ್ಲಿ ಹೆಚ್ಚುವರಿ ಬೆರಳಿದೆಯಾ ಅಂತಲೂ ಡಾಕ್ಟರಿಗೆ ಹೇಳಿ. ಆರ್‌ಪಿ ಕೆಲವು ಸಲ ಇಂಥವುಗಳ ಜೊತೆಯಲ್ಲೇ ಬರುತ್ತದೆ.

ಮನೆಯಲ್ಲಿ ಮದುವೆ ಮಾತು ನಡೆಯುತ್ತಿದ್ದರೆ, ಅದರಲ್ಲೂ ಸಂಬಂಧದಲ್ಲೇ ಅಂದರೆ, ಚಿತ್ರಗಳನ್ನು ನಂಬಿ ತೀರ್ಮಾನ ಮಾಡಬೇಡಿ. ಮೊದಲು ಕಾಯಿಲೆ ಇರುವವರಿಗೆ ಜೀನ್ ಟೆಸ್ಟ್, ಅದರ ಫಲಿತಾಂಶ ಹಿಡಿದು ಉಳಿದವರಿಗೆ, ಜೊತೆಗೆ ಕೌನ್ಸೆಲಿಂಗ್. ಆರ್‌ಪಿಗೆ ಕಾರಣವಾಗುವ ಜೀನ್‌ಗಳು 80ಕ್ಕೂ ಹೆಚ್ಚಿವೆ. ಎಲ್ಲಿ ಹುಡುಕಬೇಕು, ಸಿಕ್ಕಿದ್ದು ನಿಜವಾದ ಕಾರಣವಾ ಅನ್ನುವುದಕ್ಕೆ ಓಸಿಟಿ, ಎಫ್‌ಎಎಫ್ ಚಿತ್ರಗಳು ಆಧಾರವಾಗುತ್ತವೆ. ಅದಕ್ಕೇ ಚಿತ್ರ ಮೊದಲು, ಜೀನ್ ಆಮೇಲೆ.

ಆರ್‌ಪಿ ಅಂತ ಮೊದಲೇ ಗೊತ್ತಿರುವವರು ವರ್ಷಕ್ಕೊಮ್ಮೆ ಎಲ್ಲವನ್ನೂ ಮಾಡಿಸಬೇಕಿಲ್ಲ. ಓಸಿಟಿ ಮತ್ತು ಫೀಲ್ಡ್, ಡಾಕ್ಟರ್ ಬೇಕೆಂದರೆ ಎಫ್‌ಎಎಫ್. ಅಲೆ ಒಮ್ಮೆ ಆರಿಹೋದ ಮೇಲೆ ಮಾಮೂಲಿ ಇಆರ್‌ಜಿಯನ್ನು ಮತ್ತೆಮತ್ತೆ ಮಾಡಿಸಿ ಹೊಸದೇನೂ ತಿಳಿಯುವುದಿಲ್ಲ. ಯಾರೋ ಹೇಳಿದರು ಅಂತ ಎ ವಿಟಮಿನ್ ಮಾತ್ರೆಯನ್ನು ಜಾಸ್ತಿ ನುಂಗಬೇಡಿ. ಕೆಲವು ಜೀನ್ ದೋಷಗಳಲ್ಲಿ ಅದು ಒಳ್ಳೆಯದಲ್ಲ, ಬಸುರಿಯರಲ್ಲಿ ಮಗುವಿಗೆ ಅಪಾಯ.

ಎಲ್ಲಿ ಮಾಡಿಸಿದರೂ ಚಿತ್ರಗಳ ಫೈಲ್‌ಗಳನ್ನು ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಿರಿ. ಕಾಗದದ ಕಪ್ಪುಬಿಳುಪು ಪ್ರಿಂಟ್ ಮುಂದಿನ ಡಾಕ್ಟರಿಗೆ ಪ್ರಯೋಜನವಿಲ್ಲ. ಅಪಾಯಿಂಟ್‌ಮೆಂಟ್ ಬೆಳಗಿನದೇ ಕೇಳಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಬೈಕ್ ಓಡಿಸುವಂತಿಲ್ಲ. ಕತ್ತಲಾಗುವ ಮೊದಲೇ ಊರು ಸೇರುವ ಬಸ್ಸಿನ ಸಮಯವನ್ನು ಹೊರಡುವಾಗಲೇ ವಿಚಾರಿಸಿಕೊಳ್ಳಿ.